ಚಳೀಲಿ ಬೈಕ್ ಓಡಿಸುವಾಗ ಹೆಲ್ಮೆಟ್ ಒಳಗೆ ಮಬ್ಬು, ಐಸ್ ಕಟ್ಟದ ಹಾಗೆ ನೋಡ್ಕೊಳ್ಳೋದು ಹೇಗೆ

ಚಳಿ ಶುರುವಾದ್ರೆ ಸಾಕು, ಯಾವ ಆಂಟಿ ಫಾಗ್ ಸ್ಪ್ರೇ ಒಳ್ಳೇದು ಅಂತ ಎಲ್ರೂ ಹುಡುಕೋಕೆ ಶುರು ಮಾಡ್ತಾರೆ. ಸ್ಪ್ರೇ ಬೇಡ ಅಂತಲ್ಲ, ಅದರ ಸರದಿ ಕೊನೇದು. ಮೊದಲು ನೋಡ್ಬೇಕಾಗಿರೋದು ನಿಮ್ಮ ಉಸಿರು ಹೆಲ್ಮೆಟ್ ಒಳಗೆ ಯಾವ ಕಡೆ ಹೋಗ್ತಿದೆ ಅನ್ನೋದನ್ನ, ಆಮೇಲೆ ಒಳಗಿನ ಗಾಳಿ ಹೊರಗೆ ಹೋಗೋಕೆ ದಾರಿ ಇದೆಯಾ ಅಂತ, ಮೂರನೇದಾಗಿ ವೈಸರ್ (ಹೆಲ್ಮೆಟ್ ಮುಂದೆ ಇರೋ ಪಾರದರ್ಶಕ ಗ್ಲಾಸ್) ಮೇಲ್ಮೈಗೆ ಏನು ಮಾಡ್ಬೇಕು ಅಂತ. ಈ ಕ್ರಮ ತಲೆಕೆಳಗಾದ್ರೆ ಎಷ್ಟು ದುಡ್ಡು ಸುರಿದ್ರೂ ಎರಡು ಸಿಗ್ನಲ್ ದಾಟೋಷ್ಟರಲ್ಲಿ ಮತ್ತೆ ಎದುರಿಗೆ ಬಿಳಿ ಪರದೆ.

ಯಾಕೆ ಮಬ್ಬಾಗುತ್ತೆ ಅನ್ನೋದು ಸ್ವಲ್ಪ ಗೊತ್ತಿದ್ರೆ ಮುಂದಿಂದೆಲ್ಲ ಸುಲಭ. ಬಾಯಿಂದ ಬರೋ ಉಸಿರು ಸುಮಾರು 34 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುತ್ತೆ, ಆ ಬಿಸಿಗೆ ಗಾಳಿ ಎಷ್ಟು ನೀರಾವಿ ಹಿಡಿಯಬಹುದೋ ಹೆಚ್ಚುಕಮ್ಮಿ ಅಷ್ಟೂ ಅದ್ರಲ್ಲಿ ತುಂಬ್ಕೊಂಡಿರುತ್ತೆ. ಲೆಕ್ಕ ನೋಡಿ, ಒಂದು ಘನ ಮೀಟರ್ ಗಾಳಿ 34 ಡಿಗ್ರಿಲಿ ಸುಮಾರು 37 ಗ್ರಾಂ ನೀರಾವಿ ಹಿಡ್ಕೊಳ್ಳುತ್ತೆ, 20 ಡಿಗ್ರಿಲಿ 17 ಗ್ರಾಂ, 10 ಡಿಗ್ರಿಲಿ 9 ಗ್ರಾಂ ಚಿಲ್ರೆ, 0 ಡಿಗ್ರಿಗೆ ಬಂದ್ರೆ 5 ಗ್ರಾಂ ಕೂಡ ಇಲ್ಲ. ಅಂದ್ರೆ ತಣ್ಣಗಿರೋ ವೈಸರ್‌ಗೆ ಉಸಿರು ತಾಗಿದ ಕೂಡ್ಲೇ ಅದರಲ್ಲಿರೋ ಮುಕ್ಕಾಲು ಪಾಲಿಗೂ ಜಾಸ್ತಿ ಆವಿಗೆ ಜಾಗ ಇಲ್ಲ, ಅದು ನೀರಾಗಿ ಅಲ್ಲೇ ಕೂರುತ್ತೆ. ಫ್ರಿಜ್‌ನಿಂದ ತೆಗೆದ ಬಾಟಲ್ ಮೈ ಬೆವರೋದು ಇದೇ ಕಾರಣಕ್ಕೆ. ಆರಾಮಾಗಿ ಕೂತಿರೋ ಮನುಷ್ಯ ನಿಮಿಷಕ್ಕೆ 6 ರಿಂದ 8 ಲೀಟರ್ ಗಾಳಿ ಉಸಿರಾಡ್ತಾನೆ, ಗಂಟೆಗೆ ಲೆಕ್ಕ ಹಾಕಿದ್ರೆ ಎರಡು ಮೂರು ಟೀ ಚಮಚ ನೀರು ಬರೀ ಉಸಿರಲ್ಲೇ ಹೊರಗೆ ಬರುತ್ತೆ. ಮುಖದ ಮುಂದಿರೋ ಅಂಗೈಯಷ್ಟು ಜಾಗಕ್ಕೆ ಇದು ಕಮ್ಮಿ ನೀರೇನಲ್ಲ.

ಇನ್ನೊಂದು ವಿಷಯ ತುಂಬಾ ಜನ ತಪ್ಪು ತಿಳ್ಕೊಂಡಿರ್ತಾರೆ. ಸ್ಪೀಡಲ್ಲಿ ಹೋಗುವಾಗ ಗಾಳಿ ಹೊಡೆದು ವೈಸರ್ ಹೊರಗಿನ ತಾಪಮಾನಕ್ಕಿಂತಲೂ ಕೆಳಗೆ ಹೋಗುತ್ತೆ, ಅದಕ್ಕೇ 4 ಡಿಗ್ರಿ ಇದ್ದಾಗ್ಲೂ ಐಸ್ ಕಟ್ಟುತ್ತೆ ಅಂತಾರೆ. ಹಾಗಾಗಲ್ಲ. ಒಣಗಿರೋ ವೈಸರ್ ಗಾಳಿಯಷ್ಟೇ ತಣ್ಣಗಾಗುತ್ತೆ, ಅದಕ್ಕಿಂತ ಕೆಳಗೆ ಇಳಿಯಲ್ಲ, ವಿಂಡ್ ಚಿಲ್ ಅನ್ನೋದು ಮೈ ಎಷ್ಟು ಬೇಗ ಬಿಸಿ ಕಳ್ಕೊಳ್ಳುತ್ತೆ ಅನ್ನೋದರ ಲೆಕ್ಕ. ಆದ್ರೆ ವೈಸರ್ ಒದ್ದೆ ಇದ್ರೆ ನೀರು ಆರುವಾಗ ಬಿಸಿ ಎಳ್ಕೊಳ್ಳುತ್ತೆ, ಆಗ ಗಾಳಿಗಿಂತ ಒಂದೆರಡು ಡಿಗ್ರಿ ಕೆಳಗೂ ಹೋಗಬಹುದು. ಅದೇ ಥರ ರಾತ್ರಿ ಬಯಲಲ್ಲಿ ಬೈಕ್ ಕನ್ನಡಿಗೆ ಹೆಲ್ಮೆಟ್ ನೇತುಹಾಕಿ ಬಿಟ್ರೆ, ಆಕಾಶ ತಿಳಿಯಾಗಿದ್ದಾಗ ಅದು ಇರೋ ಬಿಸೀನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು ಗಾಳಿ 2-3 ಡಿಗ್ರಿ ಇದ್ದಾಗ್ಲೂ ಬೆಳಿಗ್ಗೆ ಹೊತ್ತಿಗೆ ಹಿಮ ಹಿಡಿದು ಕೂತಿರುತ್ತೆ. ಸ್ಪೀಡ್ ಮಾಡೋ ಕೆಲಸ ಬೇರೆ, ನಿಮ್ಮ ಮುಖದ ಬಿಸಿಗೆ ಸ್ವಲ್ಪ ಬೆಚ್ಚಗಾಗಿದ್ದ ವೈಸರನ್ನ ಬೇಗ ಹೊರಗಿನ ಮಟ್ಟಕ್ಕೆ ಇಳಿಸುತ್ತೆ ಅಷ್ಟೇ.

ಸರಿ, ಮೊದಲು ಒಂದು ಚಿಕ್ಕ ಪರೀಕ್ಷೆ. ಬೈಕ್ ನಿಲ್ಲಿಸಿ, ಮಬ್ಬಾದ ವೈಸರ್ ಒಳಗೆ ಬೆರಳಲ್ಲಿ ಒಂದು ಗೆರೆ ಎಳೀರಿ. ಗೆರೆ ಬಿದ್ರೆ ಮಬ್ಬು ಒಳಗಿದೆ, ಮುಂದೆ ಓದಿ. ಬೀಳಲಿಲ್ಲ ಅಂದ್ರೆ ಮಬ್ಬು ಹೊರಗೆ, ಅಂದ್ರೆ ದಟ್ಟ ಮಂಜಿನಲ್ಲಿ ಹೋಗ್ತಿದ್ದೀರಿ, ಮಂಜಿನ ಹನಿಗಳೇ ಬಂದು ಕೂರ್ತಿವೆ, ಅದಕ್ಕೆ ಗ್ಲೌಸ್‌ನ ಹೆಬ್ಬೆರಳಲ್ಲಿ ಒರೆಸ್ಕೊಂಡು ಹೋಗೋದು ಬಿಟ್ರೆ ಹೆಚ್ಚಿನ ಉಪಾಯ ಇಲ್ಲ (ಕೆಲವು ಗ್ಲೌಸ್‌ಗೆ ಎಡಗೈ ಹೆಬ್ಬೆರಳ ಮೇಲೆ ರಬ್ಬರ್ ಪಟ್ಟಿ ಬರುತ್ತೆ, ಅದು ಇದಕ್ಕೇ ಇರೋದು). ಕನ್ನಡಕ ಹಾಕೋರು ಮೂರನೇ ಸಾಧ್ಯತೇನೂ ನೋಡ್ಬೇಕು, ವೈಸರ್ ಚೆನ್ನಾಗೇ ಇದ್ದು ಕನ್ನಡಕ ಮಾತ್ರ ಮಬ್ಬಾಗಿರಬಹುದು. ಎಷ್ಟೋ ಜನ ತಪ್ಪು ಗ್ಲಾಸ್ ಒರೆಸ್ತಾ ಇರ್ತಾರೆ.

ಉಸಿರಿನ ದಾರಿ

ಇಲ್ಲಿ ಖರ್ಚಿಲ್ಲದೆ ಆಗೋ ಕೆಲಸ ಒಂದಿದೆ, ಮೂಗಲ್ಲಿ ಉಸಿರಾಡೋದು. ಮೂಗಿನ ಹೊಳ್ಳೆ ಕೆಳಮುಖ ಇರೋದ್ರಿಂದ ಉಸಿರು ಗಲ್ಲದ ಕಡೆ ಇಳಿಯುತ್ತೆ, ಜೊತೆಗೆ ಮೂಗಿನ ಒಳಪದರ ಹೊರಗೆ ಹೋಗೋ ಗಾಳಿಯಿಂದ ಸ್ವಲ್ಪ ಬಿಸಿ, ಸ್ವಲ್ಪ ತೇವ ವಾಪಸ್ ಹಿಡ್ಕೊಳ್ಳುತ್ತೆ, ಹಾಗಾಗಿ ಬಾಯಿಂದ ಬಿಟ್ಟ ಉಸಿರಿಗಿಂತ ಇದು ಒಣಗಿರುತ್ತೆ. ಬಾಯಲ್ಲೇ ಬಿಡ್ಬೇಕಾಗಿ ಬಂದ್ರೆ ಕೆಳತುಟಿ ಒಳಗೆಳ್ಕೊಂಡು ಮೇಲ್ತುಟಿ ಮುಂದೆ ಮಾಡಿ ಕೆಳಗೆ ಊದಿ. ನೋಡೋಕೆ ತಮಾಷೆಯಾಗಿರುತ್ತೆ, ಹೆಲ್ಮೆಟ್ ಒಳಗೆ ಯಾರು ನೋಡ್ತಾರೆ. ಇಂಟರ್‌ಕಾಮ್‌ನಲ್ಲಿ ಹರಟೆ ಹೊಡ್ಕೊಂಡು ಹೋಗೋರ ವೈಸರ್ ಬೇರೆಯವರಿಗಿಂತ ಬೇಗ ಮಬ್ಬಾಗೋದು ಯಾಕೆ ಅಂತ ಈಗ ಗೊತ್ತಾಗಿರುತ್ತೆ.

ಎರಡನೇದು ಬ್ರೆತ್ ಗಾರ್ಡ್. ಮೂಗಿನ ಮೇಲೆ ಕೂರೋ ಚಿಕ್ಕ ರಬ್ಬರ್ ಅಥವಾ ಬಟ್ಟೆಯ ರೆಕ್ಕೆ ಥರದ್ದು, ಎಷ್ಟೋ ಫುಲ್ ಫೇಸ್ ಹೆಲ್ಮೆಟ್ ಜೊತೆ ಡಬ್ಬೀಲಿ ಬಂದಿರುತ್ತೆ, ತುಂಬಾ ಜನ ಇದೇನೋ ಎಕ್ಸ್‌ಟ್ರಾ ಅಂತ ಎತ್ತಿಟ್ಟಿರ್ತಾರೆ. ಹುಡುಕಿ ತೆಗೀರಿ. ಇದನ್ನ ಗಲ್ಲದ ಭಾಗದ ಮೇಲಿನ ಅಂಚಿಗೆ ಸಿಕ್ಕಿಸಿದ್ರೆ ಮೂಗು ಮತ್ತೆ ವೈಸರ್ ನಡುವೆ ಗೋಡೆ ಬಂದಂಗೆ, ಉಸಿರು ಮೇಲೆ ಹೋಗೋಕೆ ಆಗದೆ ಕೆಳಗೆ ತಿರುಗುತ್ತೆ. ಮೂಗಿಗೆ ಹಗುರಾಗಿ ತಾಗಬೇಕು, ಒತ್ತಬಾರದು. ಮೂಗಿಂದ ದೂರ ನಿಂತ್ರೆ ಅದು ಇದ್ದೂ ಇಲ್ಲದ ಹಾಗೆ, ಅಂಥ ಕಡೆ ಸ್ವಲ್ಪ ದೊಡ್ಡದು ಸಿಗುತ್ತಾ ನೋಡಿ, ಇಲ್ಲಾ ಒಳಗಡೆಯಿಂದ ಮೆತ್ತನೆ ಫೋಮ್ ಪಟ್ಟಿ ಅಂಟಿಸ್ಕೊಳ್ಳಿ. ಹೆಲ್ಮೆಟ್‌ಗೆ ತೂತು ಕೊರೆಯೋದು, ಥರ್ಮಾಕೋಲ್ ಭಾಗ ಕೆತ್ತೋದು ಮಾತ್ರ ಯಾವ ಕಾರಣಕ್ಕೂ ಬೇಡ.

ಮೂರನೇದು ಮುಖಕ್ಕೆ ಕಟ್ಟೋ ಬಟ್ಟೆ, ಇಲ್ಲಿ ಎಡವೋರೇ ಜಾಸ್ತಿ. ಚಳಿ ಅಂತ ಮೂಗಿನ ಮೇಲಕ್ಕೆ ದಪ್ಪ ಬಟ್ಟೆ ಎಳ್ಕೊಂಡ್ರೆ ಉಸಿರು ಬಟ್ಟೆ ದಾಟೋಕೆ ಆಗದೆ ಮೇಲಿನ ಅಂಚಿಂದ ನುಗ್ಗಿ ನೇರ ಕಣ್ಣಿನ ಕಡೆ ಬರುತ್ತೆ, ಅಂದ್ರೆ ಮಬ್ಬನ್ನ ನೀವೇ ಕೈ ಹಿಡಿದು ಕರ್ಕೊಂಡು ಬಂದಂಗಾಯ್ತು. ಬಾಲಾಕ್ಲಾವಾ (ತಲೆ, ಮುಖ, ಕತ್ತು ಮುಚ್ಚೋ ಬಟ್ಟೆ ಟೋಪಿ) ಹಾಕೋದಾದ್ರೆ ತೆಳುವಾದ್ದು ತಗೊಳ್ಳಿ, ಮೂಗಿನ ಹೊಳ್ಳೆ ಹೊರಗಿರೋ ಹಾಗೆ ಹಾಕಿ. ಮೂಗೂ ಮುಚ್ಚಲೇಬೇಕಾದಷ್ಟು ಚಳಿ ಇದ್ರೆ ಮೂಗಿನ ಮೇಲೆ ಬಗ್ಗಿಸೋ ತಂತಿ ಇರೋ ಮಾಸ್ಕ್ ಹಾಕ್ಕೊಂಡು ತಂತೀನ ಮೂಗಿಗೆ ಗಟ್ಟಿ ಒತ್ತಿ, ಮೇಲಿನ ಅಂಚು ಮುಚ್ಚಿದ್ರೆ ಉಸಿರು ಕೆಳಗಿಂದ, ಪಕ್ಕದಿಂದ ಹೋಗುತ್ತೆ. ಬಾಯಿ ಮುಂದೆ ತೂತುಗಳಿರೋ ನಿಯೋಪ್ರೀನ್ (ಮೆತ್ತನೆ ರಬ್ಬರ್ ಥರದ ಬಟ್ಟೆ) ಮಾಸ್ಕ್‌ಗಳೂ ಇವೆ, ಪರವಾಗಿಲ್ಲ, ಆದ್ರೆ ಹೆಲ್ಮೆಟ್ ಒಳಗೆ ತುಂಬಾ ಜಾಗ ತಿನ್ನುತ್ತವೆ. ಬಾಲಾಕ್ಲಾವಾ ದಪ್ಪ ಆಗಿ ಹೆಲ್ಮೆಟ್ ಬಿಗಿಯಾಗಿ ತಲೆನೋವು ಬಂದ್ರೂ ತಪ್ಪು, ಬೇಸಿಗೇಲಿ ಸರಿ ಇದ್ದ ಫಿಟ್ಟಿಂಗ್ ಹಾಳಾದ್ರೂ ತಪ್ಪು.

ಚಿನ್ ಕರ್ಟನ್ ಬಗ್ಗೆ ವಾದ ಮಾಡೋರು ಎರಡೂ ಕಡೆ ಇದ್ದಾರೆ. ಗಲ್ಲದ ಕೆಳಗೆ ಬಟ್ಟೆ ಕಟ್ಟಿದ್ರೆ ಗಾಳಿ ನುಗ್ಗಲ್ಲ, ಸದ್ದು ಕಮ್ಮಿ, ಕತ್ತು ಬೆಚ್ಚಗೆ, ಆದ್ರೆ ಉಸಿರು ಇಳಿದು ಹೋಗ್ಬೇಕಾದ ಬಾಗಿಲನ್ನೇ ಮುಚ್ಚಿದ ಹಾಗೂ ಆಗುತ್ತೆ. ನನ್ನ ಪ್ರಕಾರ ಬ್ರೆತ್ ಗಾರ್ಡ್ ಇದ್ದು, ಚಿನ್ ವೆಂಟ್ (ಬಾಯಿ ಮುಂದಿರೋ ಗಾಳಿ ಕಿಂಡಿ) ತೆರೆದಿದ್ದು, ಹೈವೇಲಿ ಒಂದೇ ಸಮ ಹೋಗೋರಿಗೆ ಕರ್ಟನ್ ಇದ್ರೆ ಒಳ್ಳೇದು. ಊರೊಳಗೆ ನಿಂತು ನಿಂತು ಹೋಗೋರು ತೆಗೆದಿಟ್ಟುಬಿಡಿ.

ಗಾಳಿ ಓಡಾಡ್ಬೇಕು

ಚಳಿ ಅಂತ ಎಲ್ಲಾ ವೆಂಟ್ ಮುಚ್ಚೋದು ಸಹಜ, ಮಬ್ಬಿಗೆ ಅದೇ ದೊಡ್ಡ ಕಾರಣ. ಬಾಯಿ ಮುಂದಿರೋ ಚಿನ್ ವೆಂಟ್ ಹೆಚ್ಚಿನ ಹೆಲ್ಮೆಟ್‌ಗಳಲ್ಲಿ ಗಾಳೀನ ವೈಸರ್ ಒಳಮೈ ಮೇಲೆ ಹಾಯೋ ಹಾಗೆ ಮೇಲಕ್ಕೆ ಕಳಿಸುತ್ತೆ, ಕಾರಿನ ಡಿಫ್ರಾಸ್ಟ್ ಥರಾನೇ, ಆದ್ರೆ ಬಿಸಿ ಗಾಳಿ ಬದಲು ಒಣ ಗಾಳಿ. ಹೊರಗಿನ ತಣ್ಣನೆ ಗಾಳೀಲಿ ನೀರಾವಿ ತುಂಬಾ ಕಮ್ಮಿ, ಅದು ಒಳಗೆ ಬಂದು ಮುಖದ ಬಿಸಿಗೆ ಬೆಚ್ಚಗಾದ್ರೆ ಇನ್ನಷ್ಟು ತೇವ ಹೀರ್ಕೊಂಡು ಹೊರಗೆ ಹೋಗುತ್ತೆ. ಅದಕ್ಕೇ ಹಿಂದಿನ ಎಕ್ಸಾಸ್ಟ್ ವೆಂಟ್ ಕೂಡ ತೆರೆದಿರಬೇಕು, ಒಳಗೆ ಬಂದ ಗಾಳಿ ಹೋಗೋಕೆ ಜಾಗ ಇಲ್ಲ ಅಂದ್ರೆ ಬರೋದೂ ಇಲ್ಲ. ತಲೆ ಮೇಲಿನ ವೆಂಟ್ ಬೇಕಾದ್ರೆ ಮುಚ್ಕೊಳ್ಳಿ, ಅದರಿಂದ ಹಣೆಗೆ ಚಳಿ ಬಿಟ್ರೆ ವೈಸರ್‌ಗೆ ಏನೂ ಲಾಭ ಇಲ್ಲ.

ವೈಸರ್‌ನ ಮೊದಲ ಕ್ಲಿಕ್, ಅಂದ್ರೆ ಒಂದೆರಡು ಮಿಲಿಮೀಟರ್ ತೆರೆದಿರೋ ಜಾಗ, ಹೆಚ್ಚಿನ ಹೆಲ್ಮೆಟ್‌ಗಳಲ್ಲಿ ಇದಕ್ಕೇ ಇಟ್ಟಿರ್ತಾರೆ. ನಿಧಾನಕ್ಕೆ ಹೋಗುವಾಗ ಅಲ್ಲಿಡಿ, ಸ್ಪೀಡ್ ಬಂದ್ಮೇಲೆ ಮುಚ್ಚಿ. ಸಿಗ್ನಲ್ ಹತ್ರ ಇನ್ನೊಂದು ಅಭ್ಯಾಸ ಬೆಳೆಸ್ಕೊಳ್ಳಿ, ನಿಂತ ಮೇಲೆ ತೆರೆಯೋದಲ್ಲ, ನಿಲ್ಲೋಕೆ ಸ್ವಲ್ಪ ಮುಂಚೆ ತೆರೆಯೋದು, ಯಾಕಂದ್ರೆ ಒಮ್ಮೆ ಹನಿ ಕೂತ್ರೆ ಅದನ್ನ ಒಣಗಿಸೋಕೆ ಗಾಳಿ ಬೇಕು, ನಿಂತಾಗ ಗಾಳಿ ಇರಲ್ಲ, ಕೂರೋಕೇ ಬಿಡದೇ ಇರೋದು ಸುಲಭ. ಹೊರಟು ವೇಗ ಬಂದ್ಮೇಲೆ ಮೊದಲ ಕ್ಲಿಕ್‌ಗೆ ತನ್ನಿ, ಇನ್ನೂ ವೇಗ ಬಂದ್ಮೇಲೆ ಪೂರ್ತಿ ಮುಚ್ಚಿ. ಎಡಗೈಗೆ ಇದು ಎಷ್ಟು ರೂಢಿ ಆಗ್ಬೇಕು ಅಂದ್ರೆ ಕ್ಲಚ್ ಹಿಡಿಯೋ ಹಾಗೆ ತಾನಾಗೇ ಬರಬೇಕು.

ಪೂರ್ತಿ ತೆರ್ಕೊಂಡು ಓಡಿಸ್ತೀನಿ ಅನ್ನೋರು ಇದ್ದಾರೆ. ತಣ್ಣನೆ ಗಾಳಿಗೆ ಕಣ್ಣಲ್ಲಿ ನೀರು ಬಂದು ಮಬ್ಬಿಗಿಂತ ಕಡೆ ಆಗುತ್ತೆ, ಹುಳ ಧೂಳು ಬೇರೆ. ಅದು ಪರಿಹಾರ ಅಲ್ಲ.

ಮೇಲ್ಮೈ: ತೊಳೆಯೋದು, ಸೋಪು, ಸ್ಪ್ರೇ

ಮಬ್ಬು ಅಂದ್ರೆ ಸಾವಿರಾರು ಪುಟ್ಟ ಪುಟ್ಟ ಹನಿಗಳು, ಒಂದೊಂದೂ ಬೆಳಕನ್ನ ಒಂದೊಂದು ಕಡೆ ಚೆಲ್ಲುತ್ತೆ, ಅದಕ್ಕೇ ಎದುರಿಂದ ಬರೋ ಲೈಟು ರಾತ್ರಿ ಹೊತ್ತು ಹೂವಿನ ಥರ ಅರಳಿಕೊಂಡು ಏನೂ ಕಾಣಲ್ಲ. ಆಂಟಿ ಫಾಗ್ ಅನ್ನೋದು ನೀರು ಕೂರೋದನ್ನ ತಡೆಯಲ್ಲ, ಕೂತ ನೀರು ಹನಿಯಾಗದೆ ತೆಳ್ಳಗೆ ಹರಡೋ ಹಾಗೆ ಮಾಡುತ್ತೆ, ಹರಡಿದ ಪದರದ ಮೂಲಕ ಕಾಣ್ಸುತ್ತೆ. ಸೋಪು ಮಾಡೋದೂ ಇದನ್ನೇ. ಹಾಗಾಗಿ ಪಾತ್ರೆ ತೊಳೆಯೋ ಲಿಕ್ವಿಡ್ ಅಥವಾ ಬೇಬಿ ಶಾಂಪೂ ಒಂದು ಹನಿ ಸಾಕು, ಮೆತ್ತನೆ ಮೈಕ್ರೋಫೈಬರ್ ಬಟ್ಟೇಲಿ ವೈಸರ್ ಒಳಗೆಲ್ಲ ತೆಳ್ಳಗೆ ಹಚ್ಚಿ, ಒಣಗೋಕೆ ಬಿಡಿ, ಆಮೇಲೆ ಇನ್ನೊಂದು ಒಣ ಬಟ್ಟೇಲಿ ಕಲೆ ಹೋಗಿ ಪಾರದರ್ಶಕ ಆಗೋ ತನಕ ಹಗುರಾಗಿ ಒರೆಸಿ. ನೀರು ಹಾಕಿ ತೊಳೀಬೇಡಿ, ತೊಳೆದ್ರೆ ಹಚ್ಚಿದ್ದೆಲ್ಲ ಹೋಯ್ತು. ಶೇವಿಂಗ್ ಫೋಮ್ ಕೂಡ ಇದೇ ಕೆಲಸ ಮಾಡುತ್ತೆ. ಇದೆಲ್ಲ ಒಂದು ಪ್ರಯಾಣದ ಮಟ್ಟಿಗೆ ಅಂದ್ಕೊಳ್ಳಿ, ಮಾರನೇ ದಿನ ಮತ್ತೆ ಹಚ್ಚಬೇಕು. ಅಂಗಡೀಲಿ ಸಿಗೋ ಸ್ಪ್ರೇ ಸ್ವಲ್ಪ ಜಾಸ್ತಿ ಹೊತ್ತು ಬರುತ್ತೆ, ಮೂಲದಲ್ಲಿ ಅದೂ ಇದೇ.

ಹಚ್ಚೋ ಮುಂಚೆ ವೈಸರ್ ಸ್ವಚ್ಛ ಇರಬೇಕು. ಬೆರಳಿನ ಜಿಡ್ಡು, ಧೂಳು ಇರೋ ಜಾಗದಲ್ಲೇ ಹನಿ ಮೊದಲು ಹಿಡಿಯುತ್ತೆ. ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು, ಒದ್ದೆ ಬಟ್ಟೆ ಸ್ವಲ್ಪ ಹೊತ್ತು ಮೇಲೆ ಹಾಸಿ ಬಿಟ್ಟು ಆಮೇಲೆ ಒರೆಸಿದ್ರೆ ಗೀರು ಬೀಳಲ್ಲ. ವೈಸರ್‌ಗಳನ್ನ ಸಾಮಾನ್ಯವಾಗಿ ಪಾಲಿಕಾರ್ಬೊನೇಟ್‌ನಿಂದ ಮಾಡಿರ್ತಾರೆ, ಗಟ್ಟಿ ಆದ್ರೆ ಕೆಮಿಕಲ್‌ಗೆ ಸೂಕ್ಷ್ಮ. ಅಮೋನಿಯಾ ಇರೋ ಕಿಟಕಿ ಕ್ಲೀನರ್, ಪೆಟ್ರೋಲು, ಥಿನ್ನರ್ ಯಾವುದೂ ಹತ್ರ ಬರಬಾರದು, ಈಗ ಏನೂ ಆಗಿಲ್ಲ ಅನ್ಸಿದ್ರೂ ಒಳಗೊಳಗೆ ಬಿರುಕು ಬಿಡುತ್ತೆ. ಟೂತ್‌ಪೇಸ್ಟ್ ಹಚ್ಚಿ ಅಂತ ಹೇಳೋ ವಿಡಿಯೋಗಳನ್ನ ನಂಬಬೇಡಿ, ಪೇಸ್ಟಲ್ಲಿ ಉಜ್ಜೋ ಪುಡಿ ಇರುತ್ತೆ, ನುಣುಪು ಕೆಟ್ಟು ಜೀವನ ಪೂರ್ತಿ ಮಂಜುಮಂಜು ಕಾಣುತ್ತೆ. ಮತ್ತೆ ಮುಖ್ಯವಾಗಿ, ಕಂಪನಿಯಿಂದಲೇ ಆಂಟಿ ಫಾಗ್ ಕೋಟಿಂಗ್ ಇರೋ ವೈಸರ್ ಮೇಲೆ ಸೋಪು ಸ್ಪ್ರೇ ಹಚ್ಚೋ ಮುಂಚೆ ಅದರ ಜೊತೆ ಬಂದಿರೋ ಚೀಟಿ ಓದಿ, ಕೆಲವು ಕೋಟಿಂಗ್ ಒದ್ದೆ ಇದ್ದಾಗ ಉಜ್ಜಿದ್ರೇ ಕಿತ್ಕೊಂಡು ಬರುತ್ತೆ.

ಪಿನ್‌ಲಾಕ್

ನಿಜವಾಗಿ ದುಡ್ಡು ಹಾಕ್ಬೇಕಾದ್ರೆ ಇಲ್ಲಿ ಹಾಕಿ. ಪಿನ್‌ಲಾಕ್ ಅಂದ್ರೆ ವೈಸರ್ ಒಳಗೆ ಕೂರಿಸೋ ಇನ್ನೊಂದು ತೆಳು ಲೆನ್ಸ್, ಅದರ ಸುತ್ತ ಸಿಲಿಕೋನ್ ಅಂಚು ಇರುತ್ತೆ, ಆ ಅಂಚು ವೈಸರ್‌ಗೆ ಒತ್ಕೊಂಡು ಎರಡರ ಮಧ್ಯೆ ಒಣ ಗಾಳಿ ಸಿಕ್ಕಿಬೀಳುತ್ತೆ. ಚಳಿ ದೇಶಗಳಲ್ಲಿ ಕಿಟಕಿಗೆ ಎರಡು ಗಾಜು ಹಾಕೋ ತತ್ವ ಇದೇ. ಹೊರಗಿನ ವೈಸರ್ ಎಷ್ಟೇ ತಣ್ಣಗಾದ್ರೂ ಒಳಗಿನ ಲೆನ್ಸ್ ಅಷ್ಟು ತಣ್ಣಗಾಗಲ್ಲ, ಜೊತೆಗೆ ಆ ಲೆನ್ಸಿನ ಪ್ಲಾಸ್ಟಿಕ್ ತೇವ ಹೀರ್ಕೊಳ್ಳೋ ಜಾತಿದು. ಅಂದ್ರೆ ಬಿಸಿ ಒಂದು ಕಡೆ, ಹೀರೋದು ಒಂದು ಕಡೆ, ಎರಡೂ ಸೇರಿ ಕೆಲಸ ಮಾಡುತ್ತೆ. ಡಬ್ಬಿ ಮೇಲೆ 30, 70, 120 ಅಂತ ಬರೆದಿರುತ್ತೆ, ಸಂಖ್ಯೆ ಹೆಚ್ಚಾದಷ್ಟೂ ಮಬ್ಬು ತಡೆಯೋ ಶಕ್ತಿ ಹೆಚ್ಚು, ಚಳಿಗಾಲಕ್ಕೆ 70ಕ್ಕಿಂತ ಕೆಳಗೆ ಹೋಗಬೇಡಿ ಅನ್ನೋದು ನನ್ನ ಅಭಿಪ್ರಾಯ.

ಕೂರಿಸೋದಕ್ಕೆ ವೈಸರಲ್ಲಿ ಎರಡು ಪಿನ್ ಇರಲೇಬೇಕು, ಇಲ್ಲದ ವೈಸರ್‌ಗೆ ಇದು ಹೋಗಲ್ಲ, ಹೆಲ್ಮೆಟ್ ತಗೊಳ್ಳುವಾಗಲೇ ಕೇಳಿ. ಮನೆಯೊಳಗೆ, ಒಣಗಿರೋ ಜಾಗದಲ್ಲಿ, ಎರಡನ್ನೂ ಸ್ವಚ್ಛ ಮಾಡಿ ಪೂರ್ತಿ ಒಣಗಿದ ಮೇಲೆ ಕೂರಿಸಿ. ಮಳೆಗಾಲದ ತೇವದಲ್ಲಿ ಅರ್ಜೆಂಟಾಗಿ ಹಾಕಿದ್ರೆ ಆ ತೇವಾನೇ ಮಧ್ಯೆ ಸಿಕ್ಕಿಬಿದ್ದು ಆಮೇಲೆ ಕಾಡುತ್ತೆ. ವೈಸರನ್ನ ಹೆಲ್ಮೆಟ್‌ನಿಂದ ಬಿಚ್ಚಿ, ಎರಡೂ ಕೈಲಿ ಸ್ವಲ್ಪ ಚಪ್ಪಟೆ ಆಗೋ ಹಾಗೆ ಹಿಗ್ಗಿಸಿ ಹಿಡೀರಿ (ಇನ್ನೊಬ್ರು ಸಹಾಯಕ್ಕೆ ಇದ್ರೆ ಇನ್ನೂ ಸುಲಭ), ಸಿಲಿಕೋನ್ ಅಂಚು ವೈಸರ್ ಕಡೆ ಮುಖ ಮಾಡಿರಲಿ, ಒಂದು ಪಿನ್‌ಗೆ ಸಿಕ್ಕಿಸಿ ಆಮೇಲೆ ಇನ್ನೊಂದಕ್ಕೆ, ಕೈ ಬಿಟ್ಟಾಗ ವೈಸರ್ ಮತ್ತೆ ಬಾಗಿ ಲೆನ್ಸನ್ನ ಬಿಗಿಯಾಗಿ ಹಿಡಿಯುತ್ತೆ. ಕೂತ್ಮೇಲೆ ಲೆನ್ಸ್ ಮೇಲಿನ ರಕ್ಷಣಾ ಫಿಲ್ಮ್ ಕಿತ್ತು ಹಾಕೋದು ಮರೀಬೇಡಿ. ಈಗ ಬೆಳಕಿಗೆ ಹಿಡಿದು ಅಂಚನ್ನ ಸುತ್ತ ನೋಡಿ, ಸಿಲಿಕೋನ್ ಎಲ್ಲೂ ಬಿಡದೆ ವೈಸರ್‌ಗೆ ತಾಗಿರಬೇಕು. ಒಂದು ಕಡೆ ಬಿಟ್ಟಿದ್ರೆ ಪಿನ್ ತಿರುಗಿಸಿ, ಎಷ್ಟೋ ವೈಸರ್‌ಗಳಲ್ಲಿ ಪಿನ್ ಮಧ್ಯಕ್ಕೆ ಸರಿಯಾಗಿರದೆ ಒಂದು ಕಡೆ ವಾಲಿರುತ್ತೆ, ತಿರುಗಿಸಿದ್ರೆ ಬಿಗಿ ಹೆಚ್ಚು ಕಮ್ಮಿ ಆಗುತ್ತೆ. ಅತಿ ಬಿಗಿ ಮಾಡಿದ್ರೆ ಲೆನ್ಸ್ ಉಬ್ಬಿ ಅಂಚು ಸೊಟ್ಟ ಆಗುತ್ತೆ, ಹಾಗಾಗಿ ಸ್ವಲ್ಪ ಸ್ವಲ್ಪನೇ.

ಪಿನ್‌ಲಾಕ್ ಹಾಕಿದ್ರೂ ಮಬ್ಬು ಬರುತ್ತೆ ಅಂತ ದೂರೋರಿಗೆ ಒಂದು ಪ್ರಶ್ನೆ, ಮಬ್ಬು ಎಲ್ಲಿ? ಎರಡು ಪದರದ ಮಧ್ಯೆ ಇದ್ರೆ ಅಂಚು ಬಿಟ್ಟಿದೆ ಅಂತ, ಬಿಚ್ಚಿ ಒಣಗಿಸಿ ಮತ್ತೆ ಕೂರಿಸಿ. ಲೆನ್ಸಿನ ಸುತ್ತ ಉಳಿದ ವೈಸರ್ ಮೇಲೆ ಇದ್ರೆ ಅದು ಇರೋದೇ, ಲೆನ್ಸ್ ಇಲ್ಲದ ಜಾಗ ಅದು. ಒಳಗಿನ ಲೆನ್ಸ್ ಮೇಲೇ ಇದ್ರೆ ಅದು ತೇವ ಕುಡಿದು ಕುಡಿದು ತುಂಬಿ ಹೋಗಿದೆ, ಮನೆಗೆ ಹೋದ್ಮೇಲೆ ವೈಸರ್ ತೆರೆದಿಟ್ಟು ಒಣಗಿಸಿ, ವೆಂಟ್ ತೆರೀರಿ, ಬ್ರೆತ್ ಗಾರ್ಡ್ ಹಾಕಿ. ಲೆನ್ಸ್ ತುಂಬಾ ಮೆತ್ತಗಿರುತ್ತೆ, ಗ್ಲೌಸಲ್ಲಿ ಒರೆಸಿದ್ರೆ ಗೀರು ಗ್ಯಾರಂಟಿ, ಒದ್ದೆ ಇದ್ದಾಗ ಮುಟ್ಟಲೇಬೇಡಿ. ಸ್ಪ್ರೇ, ಸೋಪಿನ ಪದರ ಇದರ ಮೇಲೆ ಬೇಡ, ಹೀರೋ ಶಕ್ತಿ ಹೋಗುತ್ತೆ. ಒಂದು ಕೊರತೆನೂ ಹೇಳ್ಬೇಕು, ರಾತ್ರಿ ಎದುರಿನ ಲೈಟು ಒಂದರ ಪಕ್ಕ ಒಂದು ನೆರಳಿನ ಥರ ಎರಡೆರಡು ಕಾಣಬಹುದು, ಅಭ್ಯಾಸ ಆಗೋ ತನಕ ಕಿರಿಕಿರಿ.

ಕನ್ನಡಕದೋರಿಗೆ

ಹೆಲ್ಮೆಟ್ ಮೊದಲು, ಕನ್ನಡಕ ಆಮೇಲೆ, ಕೊನೇ ಗಳಿಗೇಲಿ ಹಾಕಿ, ಅಲ್ಲಿ ತನಕ ಜೇಬಲ್ಲಿ ಬೆಚ್ಚಗೆ ಇಟ್ಟುಕೊಂಡಿರಿ. ಉಸಿರಿನ ದಾರಿ ಸರಿ ಮಾಡ್ಕೊಂಡ್ರೆ ಅರ್ಧ ಸಮಸ್ಯೆ ಮುಗೀತು, ಯಾಕಂದ್ರೆ ಕನ್ನಡಕ ಬ್ರೆತ್ ಗಾರ್ಡ್‌ಗೂ ವೈಸರ್‌ಗೂ ಮಧ್ಯೆ ಇರುತ್ತೆ. ಕನ್ನಡಕದ ಮಬ್ಬಿಗೆ ಲೆನ್ಸ್ ವೈಪ್ಸ್ ಬರುತ್ತೆ, ಸೋಪಿನ ಉಪಾಯನೂ ನಡೆಯುತ್ತೆ, ಆದ್ರೆ ಲೆನ್ಸ್ ಮೇಲೆ ಕೋಟಿಂಗ್ ಇದ್ರೆ ಕನ್ನಡಕದ ಅಂಗಡೀಲಿ ಒಂದು ಮಾತು ಕೇಳಿ ಹಚ್ಚಿ. ಹೆಲ್ಮೆಟ್ ಒಳಗೆ ಇಳಿಯೋ ಕಪ್ಪು ಸನ್ ವೈಸರ್ ಇದ್ರೆ ಚಳೀಲಿ ಮೇಲೇ ಇರಲಿ, ಮಬ್ಬಾಗೋಕೆ ಇನ್ನೊಂದು ಗ್ಲಾಸ್ ಯಾಕೆ.

ಶೂನ್ಯಕ್ಕಿಂತ ಕೆಳಗೆ

ಇಲ್ಲಿಗೆ ಬಂದ್ಮೇಲೆ ಆಟದ ನಿಯಮ ಬದಲಾಗುತ್ತೆ. ಸೋಪು ನೀರನ್ನ ತೆಳ್ಳಗೆ ಹರಡುತ್ತೆ ಅಂದ್ವಲ್ಲ, ವೈಸರ್ ಒಳಮೈ 0 ಡಿಗ್ರಿ ದಾಟಿ ಕೆಳಗಿಳಿದ್ರೆ ಆ ಪದರನೇ ಹೆಪ್ಪುಗಟ್ಟಿ ಬಿಳಿ ಹಾಳೆ ಆಗುತ್ತೆ. ಒರೆಸಿದ್ರೆ ಹೋಗಲ್ಲ, ಕೆರೆದ್ರೆ ವೈಸರ್ ಗೀರಾಗುತ್ತೆ. ಹಾಗಾಗಿ ಇಂಥ ಚಳೀಲಿ ಎರಡೇ ದಾರಿ: ಉಸಿರು ವೈಸರ್ ಹತ್ರ ಬರದ ಹಾಗೆ ಪೂರ್ತಿ ಬೇರೆ ಮಾಡೋದು, ಇಲ್ಲಾ ಒಳಮೈಯನ್ನ ಬೆಚ್ಚಗೆ ಇಡೋದು. ಗಾಳಿ ಬಿಡೋ ಉಪಾಯ ಕೂಡ ಒಂದು ಮಿತಿ ತನಕ, ಮೈನಸ್ ಹತ್ತರ ಗಾಳಿ ಮುಖಕ್ಕೆ ಹೊಡೀತಿದ್ರೆ ಮೂಗು, ಕೆನ್ನೆಯ ಚರ್ಮಕ್ಕೇ ಹಿಮಗಾಯ ಆಗಬಹುದು.

ಹಿಮದ ಮೇಲೆ ಓಡೋ ಸ್ನೋಮೊಬೈಲ್ ಸವಾರರು ಇದನ್ನ ಯಾವತ್ತೋ ಬಗೆಹರಿಸ್ಕೊಂಡಿದ್ದಾರೆ. ಅವರ ಹೆಲ್ಮೆಟ್‌ಗಳಲ್ಲಿ ಬ್ರೆತ್ ಬಾಕ್ಸ್ ಅಂತ ಇರುತ್ತೆ, ಮೂಗು ಬಾಯಿ ಪೂರ್ತಿ ಮುಚ್ಚೋ ಮೆತ್ತನೆ ರಬ್ಬರ್ ಮುಖವಾಡ, ಉಸಿರನ್ನ ವೈಸರ್ ಕಡೆ ಬಿಡದೆ ಪಕ್ಕಕ್ಕೆ, ಕೆಳಕ್ಕೆ ಹೊರಗೆ ಕಳಿಸುತ್ತೆ. ವೈಸರ್ ಎರಡು ಪದರದ್ದು. ಇನ್ನೂ ಮೇಲಕ್ಕೆ ಹೋದ್ರೆ ಕರೆಂಟಿನ ವೈಸರ್, ಎರಡು ಪದರದ ಮಧ್ಯೆ ಕಣ್ಣಿಗೆ ಕಾಣದಷ್ಟು ತೆಳುವಾದ ಬಿಸಿಯಾಗೋ ಪದರ ಇಟ್ಟು, ಗಾಡಿಯ 12 ವೋಲ್ಟ್ ಬ್ಯಾಟರಿಯಿಂದ ವೈರ್ ಎಳೀತಾರೆ. ಬೈಕಿಗೂ ಇದನ್ನ ಹಾಕ್ಕೋಬಹುದು, ಮೂರು ವಿಷಯ ನೋಡಿ: ವೈರ್ ಎಳೆದ್ರೆ ತಾನಾಗೇ ಕಳಚ್ಕೊಳ್ಳಬೇಕು, ಇಲ್ಲಾಂದ್ರೆ ಇಳಿಯುವಾಗ ಕತ್ತು ಹಿಡಿದೆಳೆಯುತ್ತೆ, ಬಿದ್ದಾಗ ಇನ್ನೂ ಅಪಾಯ. ಲೈನಲ್ಲಿ ಫ್ಯೂಸ್ ಇರಲಿ. ಕೀ ಆಫ್ ಮಾಡಿದಾಗ ಇದೂ ಆಫ್ ಆಗೋ ಹಾಗೆ ಜೋಡಿಸಿ, ಚಳೀಲಿ ಬ್ಯಾಟರಿ ಮೊದಲೇ ಸೋತಿರುತ್ತೆ, ಅದನ್ನ ಇನ್ನಷ್ಟು ಖಾಲಿ ಮಾಡೋದು ಬೇಡ. ಮಬ್ಬಾದ ಮೇಲೆ ಆನ್ ಮಾಡೋದಲ್ಲ, ಹೊರಡುವಾಗಲೇ ಆನ್ ಮಾಡಿ.

ಆಫ್ ರೋಡ್ ಹೆಲ್ಮೆಟ್ ಜೊತೆ ಗಾಗಲ್ ಹಾಕೋರಿಗೆ ಒಂದು ಅನುಕೂಲ, ಮೂಗು ಬಾಯಿ ಗಾಗಲ್‌ನಿಂದ ಹೊರಗೇ ಇರುತ್ತೆ, ಉಸಿರು ಲೆನ್ಸ್ ಒಳಗೆ ಬರೋದು ಕಮ್ಮಿ. ಎರಡು ಪದರದ ಲೆನ್ಸ್ ತಗೊಳ್ಳಿ. ನಿಂತಾಗ ಗಾಗಲ್ ಎತ್ತಿ ಹಣೆ ಮೇಲೆ ಇಟ್ಕೊಳ್ಳೋ ಚಟ ಬಿಡಿ, ಬೆವೆತ ಹಣೆಯ ಆವಿ ಎಲ್ಲ ಒಳಗೆ ತುಂಬಿ, ವಾಪಸ್ ಕಣ್ಣಿಗೆ ಇಳಿಸಿದ ಕ್ಷಣದಿಂದ ಏನೂ ಕಾಣಲ್ಲ.

ಇನ್ನು ವೈಸರ್ ಸುತ್ತ ಇರೋ ರಬ್ಬರ್ ಬೀಡಿಂಗ್. ಅದರ ಮೇಲೆ ನೀರು ನಿಂತು ಹೆಪ್ಪುಗಟ್ಟಿದ್ರೆ ವೈಸರ್ ಅಂಟಿಕೊಂಡು ತೆರೆಯೋಕೇ ಬರಲ್ಲ, ಬಲವಂತ ಮಾಡಿದ್ರೆ ಪಕ್ಕದ ಲಾಕ್ ಮುರಿಯುತ್ತೆ. ಬೀಡಿಂಗನ್ನ ಒಣ ಬಟ್ಟೇಲಿ ಒರೆಸಿ ಸಿಲಿಕೋನ್ ಆಯಿಲ್ ತೆಳ್ಳಗೆ ಹಚ್ಚಿ, ಕೆಲವು ಹೆಲ್ಮೆಟ್ ಜೊತೆ ಚಿಕ್ಕ ಬಾಟಲ್ ಅವರೇ ಕೊಟ್ಟಿರ್ತಾರೆ. ಗ್ರೀಸು, ಇಂಜಿನ್ ಆಯಿಲ್ ಬೇಡ. ಚಿನ್ ವೆಂಟ್‌ನ ಜಾಲರೀಲೂ ಉಸಿರಿನ ತೇವ ಐಸ್ ಆಗಿ ಗಾಳಿ ನಿಲ್ಲಿಸಿರುತ್ತೆ, ನಿಂತಾಗೆಲ್ಲ ಬೆರಳಲ್ಲಿ ತಟ್ಟಿ ನೋಡಿ.

ರಾತ್ರಿ ಹೆಲ್ಮೆಟ್ ಎಲ್ಲಿತ್ತು ಅನ್ನೋದರ ಮೇಲೆ ಬೆಳಿಗ್ಗೆ ಕತೆ ನಿಂತಿದೆ. ನಿನ್ನೆಯ ಬೆವರು, ಉಸಿರು ಎಲ್ಲ ಒಳಗಿನ ಪ್ಯಾಡ್‌ನಲ್ಲಿ ಇಂಗಿರುತ್ತೆ, ಇವತ್ತು ತಲೆ ಬಿಸಿ ತಾಗಿದ ಕೂಡ್ಲೇ ಅದು ಆವಿಯಾಗಿ ಎದ್ದು ನೇರ ತಣ್ಣನೆ ವೈಸರ್ ಮೇಲೆ ಕೂರುತ್ತೆ, ಉಸಿರು ಬಿಗಿ ಹಿಡಿದ್ರೂ ಮಬ್ಬು. ಅದಕ್ಕೆ ಹೆಲ್ಮೆಟನ್ನ ಮನೆಯೊಳಗೆ ತನ್ನಿ, ವೈಸರ್, ವೆಂಟ್ ಎಲ್ಲ ತೆರೆದಿಡಿ, ಪ್ಯಾಡ್ ಬಿಚ್ಚೋಕೆ ಬಂದ್ರೆ ಆಗಾಗ ಬಿಚ್ಚಿ ಆರಿಸಿ. ಫ್ಯಾನ್ ಗಾಳಿ ಒಳ್ಳೇದು. ಹೀಟರ್ ಮೇಲೆ, ಬಿಸಿ ಡ್ರೈಯರ್ ಮುಂದೆ ಇಡಬೇಡಿ, ಒಳಗಿನ ಥರ್ಮಾಕೋಲ್ ಬಿಸಿಗೆ ಕುಗ್ಗುತ್ತೆ, ತಲೆ ಕಾಯೋದು ಅದೇ. ಬ್ಯಾಗಲ್ಲಿ ಇಡೋದಾದ್ರೆ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿ. ಹೊರಡುವಾಗ ಜಾಕೆಟ್, ಗ್ಲೌಸ್, ಬೂಟು ಎಲ್ಲ ಆದ್ಮೇಲೆ, ಬೈಕ್ ಸ್ಟಾರ್ಟ್ ಮಾಡಿ ಆಮೇಲೆ ಹೆಲ್ಮೆಟ್ ಹಾಕಿ, ಮೊದಲೇ ಹಾಕ್ಕೊಂಡು ಗ್ಲೌಸ್ ಜೊತೆ ಗುದ್ದಾಡ್ತಾ ಉಸಿರು ಬಿಟ್ಟು ಬಿಟ್ಟು ಒಳಗೆಲ್ಲ ಹಬೆ ತುಂಬ್ಕೋಬೇಡಿ.

ದಾರೀಲಿ ಇದ್ದಕ್ಕಿದ್ದಂತೆ ಪೂರ್ತಿ ಮಬ್ಬಾದ್ರೆ ಗಾಬರಿ ಬಿದ್ದು ಒರೆಸೋಕೆ ಹೋಗಬೇಡಿ. ಆಕ್ಸಿಲರೇಟರ್ ಬಿಡಿ, ವೈಸರ್ ಒಂದು ಬೆರಳು ಎತ್ತಿ, ಉಸಿರು ಒಂದು ಕ್ಷಣ ಬಿಗಿ ಹಿಡೀರಿ, ಗಾಳಿ ಒಳಗೆ ಬಂದ್ರೆ ಮಧ್ಯದಿಂದ ತಿಳಿಯಾಗ್ತಾ ಬರುತ್ತೆ. ಆಗಲಿಲ್ಲ ಅಂದ್ರೆ ಹಿಂದೆ ನೋಡ್ಕೊಂಡು ಪಕ್ಕಕ್ಕೆ ಹಾಕಿ ನಿಲ್ಲಿಸಿ. ಐಸ್ ಆಗಿದ್ರೆ ಕಾರ್ಡ್, ಕೀಲಿ ಯಾವುದರಲ್ಲೂ ಕೆರೀಬೇಡಿ, ಕುದಿಯೋ ನೀರೂ ಬೇಡ, ಗ್ಲೌಸ್ ತೆಗೆದು ಅಂಗೈನ ಹೊರಗಿನಿಂದ ವೈಸರ್ ಮೇಲೆ ಒತ್ತಿ ಹಿಡೀರಿ, ಇಲ್ಲಾ ಹೆಲ್ಮೆಟನ್ನ ಬೆಚ್ಚಗಿರೋ ಕಡೆ ಐದು ಹತ್ತು ನಿಮಿಷ ಇಟ್ಟು ಕರಗಿದ ಮೇಲೆ ಮೆತ್ತನೆ ಬಟ್ಟೇಲಿ ನೀರನ್ನ ಒತ್ತಿ ತೆಗೀರಿ, ಉಜ್ಜಬೇಡಿ. ಆಮೇಲೆ ಮತ್ತೆ ಹೊರಡೋ ಮುಂಚೆ ಪ್ಯಾಡ್ ಎಷ್ಟು ಒದ್ದೆ ಇದೆ ಮುಟ್ಟಿ ನೋಡಿ, ಹಿಂಡಿದ್ರೆ ನೀರು ಬರೋ ಥರ ಇದ್ರೆ ಹತ್ತು ನಿಮಿಷದಲ್ಲಿ ಮತ್ತೆ ಅದೇ ಪಾಡು.

ಇಷ್ಟೆಲ್ಲ ಮಾಡಿದ್ರೂ ರಾತ್ರಿ ಲೈಟು ಚದುರಿ ಕಾಣ್ತಿದೆ, ಒರೆಸಿದ್ರೂ ತಿಳಿಯಾಗ್ತಿಲ್ಲ ಅಂದ್ರೆ ಅದು ಮಬ್ಬೇ ಅಲ್ಲ, ವೈಸರ್ ತುಂಬಾ ಕೂದಲೆಳೆ ಗೀರು ಬಿದ್ದಿರೋದು. ಬಿಚ್ಚಿ ಬೆಳಕಿಗೆ ಹಿಡಿದ್ರೆ ಗೊತ್ತಾಗುತ್ತೆ. ಗೀರಿಗೆ ಪಾಲಿಷ್ ಹುಡುಕೋದು ಬಿಟ್ಟು ವೈಸರ್ ಬದಲಾಯಿಸಿ, ಹೊಸದು ತಗೊಳ್ಳುವಾಗ ಪಿನ್ ಇರೋದನ್ನೇ ಕೇಳಿ ತಗೊಳ್ಳಿ.